ಪ್ರಾಗ್‌ನಲ್ಲಿ ಒಂದೇ ದಿನ ಇದೆ: ಕೋಟೆ, ಚರ್ಚು, ಹಳೇ ಗ್ರಂಥಾಲಯ ಮೂರನ್ನೂ ನೋಡಲು ಆಗುತ್ತಾ?

ಧಾರಾಳವಾಗಿ ಆಗುತ್ತೆ, ಮೂರೂ ಒಂದೇ ಗುಡ್ಡದ ಮೇಲಿವೆ. ಆದರೆ ಭಾನುವಾರ ಬೇಡ. ಬೆಳಗ್ಗೆ ಪೂಜೆ ಇರುವುದರಿಂದ ಸೇಂಟ್ ವೀಟಸ್ ಚರ್ಚಿನೊಳಗೆ ಪ್ರವಾಸಿಗರನ್ನು ಬಿಡುವುದು ಮಧ್ಯಾಹ್ನದ ಮೇಲೇ.

22ನೇ ನಂಬರ್ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಮೊದಲು ಸ್ಟ್ರಾಹೊವ್ ಮಠದ ಗ್ರಂಥಾಲಯ ನೋಡಿ, ಆಮೇಲೆ ಕೋಟೆಗೆ ಇಳಿಜಾರಿನಲ್ಲೇ ನಡೆದರಾಯಿತು, ಮಂಡಿಗೂ ಸುಖ. ಗ್ರಂಥಾಲಯದ ಸಭಾಂಗಣಗಳೊಳಗೆ ಕಾಲಿಡುವಂತಿಲ್ಲ, ಬಾಗಿಲಲ್ಲಿ ನಿಂತು ಇಣುಕಬೇಕು. ಜನರ ಉಸಿರಿನ ತೇವ ಚಾವಣಿಯ ಚಿತ್ರಗಳಿಗೆ ಒಳ್ಳೆಯದಲ್ಲ. ಬೇಜಾರಾಗಬೇಡಿ, ಎರಡು ಸಭಾಂಗಣಗಳ ನಡುವಿನ ಓಣಿಯಲ್ಲೇ ನನಗೆ ಹೆಚ್ಚು ಖುಷಿ ಸಿಕ್ಕಿದ್ದು. ಅಲ್ಲಿ ಮರದಿಂದಲೇ ಮಾಡಿದ ‘ಪುಸ್ತಕ’ಗಳಿವೆ: ಬೆನ್ನಿಗೆ ಆ ಮರದ ತೊಗಟೆ, ಒಳಗೆ ಅದರದೇ ಎಲೆ, ಬೇರು. ಒಂದು ಮರಕ್ಕೆ ಒಂದು ಸಂಪುಟ!

ಕೋಟೆಯ ಅಂಗಳಕ್ಕೆ ಟಿಕೆಟ್ ಇಲ್ಲ. ಹಳೇ ಅರಮನೆ, ಚರ್ಚು ಇತ್ಯಾದಿ ಕಟ್ಟಡಗಳಿಗೆ ಬೇಕು. ಚರ್ಚನ್ನು ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಒಳಗೆ ಎಡಗಡೆ ಚೆಕ್ ಚಿತ್ರಕಾರ ಅಲ್ಫೋನ್ಸ್ ಮುಖಾ ವಿನ್ಯಾಸದ ಬಣ್ಣದ ಗಾಜಿನ ಕಿಟಕಿ ಇದೆ, ಬಿಸಿಲಿದ್ದರೆ ಐದು ನಿಮಿಷ ಅಲ್ಲೇ ನಿಲ್ಲಿ. ಟೋಪಿ ಮಾತ್ರ ತೆಗೆದುಬಿಡಿ.