ಕೇಳುಗರ ಉಡುಪು, ಪತ್ರಿಕೆಗಳ ಕಣ್ಣು

ಓದುಗರ ಪ್ರಶ್ನೆಗಳಿಗೆ ಸಂಗೀತ ಅಂಕಣಕಾರರ ಉತ್ತರ

ಪ್ರಶ್ನೆ: ಇಂಡೀ ಮತ್ತು ಆಲ್ಟರ್ನೇಟಿವ್ ಸಂಗೀತದ ಪತ್ರಿಕೆಗಳನ್ನು ತೆರೆದರೆ ಹಾಡಿನ ವಿಚಾರಕ್ಕಿಂತ ಅಭಿಮಾನಿಗಳ ಕೂದಲು, ಬೂಟು, ಟೀ ಶರ್ಟುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಕರ್ನಾಟಕ ಸಂಗೀತದ ರಸಿಕರನ್ನು ಯಾರೂ ಹೀಗೆ ಉಡುಪಿನಿಂದ ಗುರುತಿಸುವುದಿಲ್ಲ. ಇಲ್ಲಿ ಮಾತ್ರ ಹೀಗೇಕೆ?
— ಓದುಗರು, ಮಲ್ಲೇಶ್ವರ

ಉತ್ತರ: ಕರ್ನಾಟಕ ಸಂಗೀತದ ರಸಿಕರಿಗೂ ಉಡುಪಿನ ರೂಢಿಯೊಂದು ಇದ್ದೇ ಇದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ರಾಮನವಮಿ ಕಛೇರಿಗಳ ಮುಂದಿನ ಸಾಲುಗಳನ್ನು ನೋಡಿದವರಿಗೆ ಅದು ಗೊತ್ತು. ಆದರೆ ಆ ರೂಢಿ ಮನೆಯಿಂದ, ನೆಂಟರಿಷ್ಟರಿಂದ ಬಂದದ್ದು. ಅದನ್ನು ಕಲಿಸಲು ಪತ್ರಿಕೆ ಬೇಕಾಗಲಿಲ್ಲ. ಇಂಡೀ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಸಂಗೀತ, ಕೇಳುವವರ ಸ್ಥಿತಿ ಬೇರೆ. ರೇಡಿಯೊದಲ್ಲಿ ಅಪರೂಪಕ್ಕೆ ಕೇಳಿಬರುವ ಹಾಡುಗಳನ್ನು ಹುಡುಕಿ ಕೇಳುತ್ತ, ಊರಿಗೆ ನಾಲ್ಕೈದು ಮಂದಿಯಂತೆ ಪರಸ್ಪರ ಪರಿಚಯವೂ ಇಲ್ಲದೆ ಚದುರಿಹೋಗಿದ್ದ ಇವರಿಗೆ ತಮ್ಮಂಥವರು ಇನ್ನೂ ಇದ್ದಾರೆಂದು ತಿಳಿಯುತ್ತಿದ್ದದ್ದು ವಾರಪತ್ರಿಕೆಗಳಿಂದ. ಪತ್ರಿಕೆಯಾದರೋ ನಾದವನ್ನು ಅಚ್ಚು ಹಾಕಲಾರದು; ಕೇಳುವ ಮನುಷ್ಯನ ಚಿತ್ರವನ್ನು ಅಚ್ಚು ಹಾಕಬಲ್ಲದು. ಉಡುಪಿಗೆ ಅಷ್ಟು ಮಹತ್ವ ಬಂದದ್ದು ಅಲ್ಲಿಂದ.

ಬ್ರಿಟನ್ನಿನಲ್ಲಿ 1980ರ ಜನವರಿಯಲ್ಲಿ ಇಂಡೀ ಹಾಡುಗಳ ಪ್ರತ್ಯೇಕ ಪಟ್ಟಿ ಆರಂಭವಾದಾಗ ಹಾಡು ಯಾವ ಶೈಲಿಯದ್ದೆಂದು ಯಾರೂ ಕೇಳುತ್ತಿರಲಿಲ್ಲ. ಧ್ವನಿಮುದ್ರಿಕೆ ದೊಡ್ಡ ಕಂಪನಿಗಳ ವಿತರಣಾ ಜಾಲದ ಹೊರಗೆ ಮಾರಾಟವಾಗಿದ್ದರೆ ಸಾಕಿತ್ತು. ಅದು ವ್ಯಾಪಾರದ ವಿಂಗಡಣೆಯಾಗಿತ್ತು, ಅದಕ್ಕೊಂದು ಮುಖವಿರಲಿಲ್ಲ. ಆ ಮುಖವನ್ನು ಕೊಟ್ಟದ್ದು 1952ರಲ್ಲಿ ಶುರುವಾದ ಎನ್‌ಎಂಇ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್), ಅದಕ್ಕಿಂತಲೂ ಹಳೆಯದಾದ ಮೆಲೊಡಿ ಮೇಕರ್‌ನಂಥ ವಾರಪತ್ರಿಕೆಗಳು. 1986ರಲ್ಲಿ ಎನ್‌ಎಂಇ 22 ತಂಡಗಳ ಹಾಡುಗಳಿದ್ದ ಸಿ86 ಎಂಬ ಕ್ಯಾಸೆಟ್ಟನ್ನು ಓದುಗರಿಗೆ ಒದಗಿಸಿತು. ಆ ಹಾಡುಗಳ ಜೊತೆಗೆ ಒಂದು ವೇಷವೂ ಜನರ ಮನಸ್ಸಿನಲ್ಲಿ ನಿಂತಿತು: ಟೋಪಿಯಿರುವ ಮಳೆಯಂಗಿ, ಹಣೆಗೆ ಇಳಿಬಿಟ್ಟ ಕೂದಲು, ಎದೆಯ ಮೇಲೆ ತಂಡಗಳ ಹೆಸರಿನ ಬ್ಯಾಡ್ಜು, ಹಳೆಯ ಬಟ್ಟೆಯಂಗಡಿಯಿಂದ ತಂದ ಉಣ್ಣೆಯ ಕಾರ್ಡಿಗನ್. ಭುಜಕ್ಕೆ ಪ್ಯಾಡ್ ತುಂಬಿಕೊಂಡು ಮಿನುಗುವ ಬಟ್ಟೆಯಲ್ಲಿ ಮೆರೆಯುತ್ತಿದ್ದ ಅಂದಿನ ಪಾಪ್ ಲೋಕದ ಎದುರು ಶಾಲಾಮಕ್ಕಳಂತೆ ಉಟ್ಟು ಬಂದವರಲ್ಲಿ ನನಗೆ ಗಟ್ಟಿಯಾದ ನಿಲುವು ಕಾಣುತ್ತದೆ. ಮುಂದೆ ಅದೇ ಮಳೆಯಂಗಿಯನ್ನು ಪೆದ್ದುತನದ ಗುರುತಾಗಿ ಹಂಗಿಸಿದ್ದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಅಮೆರಿಕದ ಸಿಯಾಟಲ್‌ನ ಗ್ರಂಜ್ ಎಂಬ ಒರಟು ಗಿಟಾರ್ ನಾದದ ರಾಕ್ ಸಂಗೀತದ ವಿಷಯದಲ್ಲಿ ಆದ ಅನ್ಯಾಯ ಇನ್ನೊಂದು ಬಗೆಯದು. ಮರ ಕಡಿಯುವ ಕಸುಬಿನ, ಮಳೆ ಚಳಿಯ ಆ ಸೀಮೆಯಲ್ಲಿ ಚೌಕಳಿಯ ಫ್ಲಾನೆಲ್ ಅಂಗಿ ಅಗ್ಗಕ್ಕೆ ಸಿಗುವ ಬೆಚ್ಚನೆಯ ಬಟ್ಟೆಯಾಗಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರು ಅದನ್ನು ತೊಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. 1992ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಮುಖಪುಟಕ್ಕೆ ನಿಂತ ನಿರ್ವಾಣ ತಂಡದ ಕರ್ಟ್ ಕೋಬೇನ್, ಕಾರ್ಪೊರೇಟ್ ಪತ್ರಿಕೆಗಳನ್ನು ಹೀಗಳೆಯುವ ಸಾಲೊಂದನ್ನು ಕೈಯಿಂದ ಬರೆದಿದ್ದ ಟೀ ಶರ್ಟ್ ತೊಟ್ಟಿದ್ದರು. ಪತ್ರಿಕೆ ಅದನ್ನು ಹಾಗೆಯೇ ಅಚ್ಚು ಹಾಕಿತು, ಪ್ರತಿಭಟನೆಯೇ ಪತ್ರಿಕೆಯ ಅಲಂಕಾರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ವಿನ್ಯಾಸಕಾರ ಮಾರ್ಕ್ ಜೇಕಬ್ಸ್, ಪೆರ್ರಿ ಎಲ್ಲಿಸ್ ಸಂಸ್ಥೆಯ ಪ್ರದರ್ಶನದಲ್ಲಿ ಆ ಚೌಕಳಿಯನ್ನು ರೇಷ್ಮೆಯ ಮೇಲೆ ಮೂಡಿಸಿ ತಂದರು. ಅದೇ ತಿಂಗಳು ನ್ಯೂಯಾರ್ಕ್ ಟೈಮ್ಸ್ ಗ್ರಂಜ್ ಹುಡುಗರ ನುಡಿಗಟ್ಟುಗಳೆಂದು ಒಂದು ಪಟ್ಟಿಯನ್ನು ಪ್ರಕಟಿಸಿತು. ಸಬ್ ಪಾಪ್ ಎಂಬ ಧ್ವನಿಮುದ್ರಣ ಸಂಸ್ಥೆಯ ನಂಟಿದ್ದ ಯುವತಿಯೊಬ್ಬರು ಫೋನಿನಲ್ಲಿ ಆ ಪದಗಳನ್ನೆಲ್ಲ ಕಟ್ಟಿ ಹೇಳಿದ್ದರೆಂಬುದು ಆಮೇಲೆ ಬಯಲಾಯಿತು. ಒಂದು ಊರಿನ ಚಳಿ, ಬಡತನ, ಬೇಸರಗಳಿಂದ ಹುಟ್ಟಿದ ಉಡುಪನ್ನು ಆ ಕಾರಣಗಳಿಂದ ಬೇರ್ಪಡಿಸಿ ಬರೀ ನೋಟವನ್ನಾಗಿ ಮಾರುವುದಕ್ಕೆ ನನ್ನ ಆಕ್ಷೇಪವಿದೆ. ಉಡುಪಿನ ಚಿತ್ರ ಹಾಕುವುದಕ್ಕಲ್ಲ.

ಪ್ರಶ್ನೆ: ಬೆಂಗಳೂರಿನ ಯಾವ ಬ್ಯಾಂಡಿನ ಕಾರ್ಯಕ್ರಮವಾದರೂ ಪತ್ರಿಕೆಯಲ್ಲಿ ಬರುವುದು ಕಪ್ಪು ಟೀ ಶರ್ಟಿನ, ಉದ್ದ ಕೂದಲಿನ ಹುಡುಗರ ಚಿತ್ರವೇ. ನಾನು ಕಚೇರಿಯಿಂದ ಚೂಡಿದಾರದಲ್ಲೇ ನೇರವಾಗಿ ಹೋಗುವವಳು. ನನ್ನಂಥವರು ಅಭಿಮಾನಿಗಳಲ್ಲವೇ?
— ಓದುಗರು, ರಾಜಾಜಿನಗರ

ಉತ್ತರ: ಖಂಡಿತ ಅಭಿಮಾನಿಗಳೇ. ಈ ಚಿತ್ರ ಗಟ್ಟಿಯಾಗಿ ನೆಲೆಯೂರಲು ಅರಮನೆ ಮೈದಾನದ ದೊಡ್ಡ ಕಾರ್ಯಕ್ರಮಗಳು ಬಹುಮಟ್ಟಿಗೆ ಕಾರಣ. ಅಬ್ಬರದ ಗಿಟಾರಿನ ಮೆಟಲ್ ಸಂಗೀತದ ತಂಡಗಳಾದ ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್‌ನಲ್ಲಿ ಅಲ್ಲಿ ನುಡಿಸಿದಾಗ ನೆರೆದ ಜನಸಾಗರ ನಿಜಕ್ಕೂ ಕಪ್ಪಾಗಿತ್ತು. ಮೆಟಲ್ ಕೇಳುಗರಿಗೆ ಆ ಅಂಗಿ ನಿಷ್ಠೆಯ ಘೋಷಣೆ. ಅದನ್ನು ನಾನು ಗೌರವಿಸುತ್ತೇನೆ. ತೊಂದರೆ ಬರುವುದು ಗಿಟಾರ್ ಹಿಡಿದ ಯಾವ ತಂಡದ ವರದಿಗೂ ಅದೇ ಚಿತ್ರವನ್ನು ಅಂಟಿಸಿದಾಗ.

ನಮ್ಮ ದೇಶದ ಇಂಗ್ಲಿಷ್ ಸಂಗೀತ ಪತ್ರಿಕೆಗಳ ಋಣವನ್ನು ಮರೆಯುವಂತಿಲ್ಲ. ಅಮಿತ್ ಸೈಗಲ್ 1993ರಲ್ಲಿ ಅಲಹಾಬಾದಿನಿಂದ ಆರಂಭಿಸಿದ ರಾಕ್ ಸ್ಟ್ರೀಟ್ ಜರ್ನಲ್, ಬೇರೆ ಬೇರೆ ನಗರಗಳ ಕಾಲೇಜು ಬ್ಯಾಂಡುಗಳಿಗೆ ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸಿತು. 2008ರಲ್ಲಿ ರೋಲಿಂಗ್ ಸ್ಟೋನ್‌ನ ಭಾರತೀಯ ಆವೃತ್ತಿ ಬಂದಿತು. ಆದರೆ ಇಂಥ ಪತ್ರಿಕೆಗಳ ಕ್ಯಾಮೆರಾ ಹೆಚ್ಚಾಗಿ ಹೋಗುವುದು ಪಬ್ಬಿಗೆ ಮತ್ತು ಉತ್ಸವದ ಮೈದಾನಕ್ಕೆ. ಪ್ರವೇಶದ ಬೆಲೆ, ಮನೆಗೆ ಮರಳುವ ಕೊನೆಯ ಬಸ್ಸು, ಹೆಣ್ಣುಮಕ್ಕಳಿಗೆ ರಾತ್ರಿಯ ದಾರಿ ಇವೆಲ್ಲ ಯಾರು ಅಲ್ಲಿರುತ್ತಾರೆಂಬುದನ್ನು ಮೊದಲೇ ತೀರ್ಮಾನಿಸಿರುತ್ತವೆ. ಅಲ್ಲಿರುವವರಲ್ಲೂ ಕತ್ತಿನಲ್ಲಿ ಕಚೇರಿಯ ಗುರುತಿನ ಚೀಟಿ ತೂಗಿಸಿಕೊಂಡು ಬಂದವರನ್ನು ಬಿಟ್ಟು, ಲಂಡನ್ನಿನ ಪತ್ರಿಕೆಗಳ ಚಿತ್ರಕ್ಕೆ ಹೊಂದುವವರನ್ನೇ ಕ್ಯಾಮೆರಾ ಹುಡುಕುತ್ತದೆ. ಆ ಗುರುತಿನ ಚೀಟಿಯೇ ಬೆಂಗಳೂರಿನ ಇಂಡೀ ಕೇಳುಗರ ನಿಜವಾದ ಲಕ್ಷಣವೆಂದು ನಾನು ಹೇಳಬಲ್ಲೆ. ಇನ್ನೂ ಒಂದು ಮಾತು. ಈ ಊರು ಸಿದ್ಧ ಉಡುಪುಗಳ ಊರು. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಹೊರದೇಶಗಳಿಗೆಂದು ಹೊಲಿದ ಅಂಗಿಗಳಲ್ಲಿ ಮಿಕ್ಕವು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ ಅಗ್ಗಕ್ಕೆ ದೊರೆತು ನಮ್ಮ ಕಾಲೇಜು ಹುಡುಗರ ಮೈಮೇಲೆ ಬಂದವು. ಯಾವ ಸಂಗೀತ ಪತ್ರಿಕೆಯ ಶೈಲಿಯ ಪುಟದಲ್ಲೂ ಈ ಸಂಗತಿಯನ್ನು ನಾನು ಓದಿಲ್ಲ.

ವೇದಿಕೆಯ ಮೇಲಿನವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ರಘು ದೀಕ್ಷಿತ್ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಹೋದರು. ಅವರ ಬಗೆಗಿನ ಬರಹಗಳಲ್ಲಿ ಲುಂಗಿಗೆ ಸಿಗುವ ಜಾಗ ಅವರು ಹಾಡುವ ಶಿಶುನಾಳ ಷರೀಫರ ತತ್ವಪದಗಳಿಗೆ ಸಿಗುವುದಿಲ್ಲವೆಂಬುದು ನನ್ನ ಬಹುದಿನದ ಕೊರಗು.

ಪ್ರಶ್ನೆ: ಪಿಯುಸಿ ಓದುವ ಮಗ ಯಾವಾಗಲೂ ಕಪ್ಪು ಬಟ್ಟೆ ತೊಡುತ್ತಾನೆ, ಉಗುರಿಗೂ ಕಪ್ಪು ಬಣ್ಣ ಬಳಿಯುತ್ತಾನೆ. ಇಂಥ ಸಂಗೀತ ಕೇಳುವವರೆಲ್ಲ ಖಿನ್ನರಾಗಿರುತ್ತಾರೆಂದು ಎಲ್ಲೋ ಓದಿ ಭಯವಾಗಿದೆ.
— ತಾಯಿಯೊಬ್ಬರು, ವಿಜಯನಗರ

ಉತ್ತರ: ಬಟ್ಟೆಯ ಬಣ್ಣದಿಂದ ಮನಸ್ಸಿನ ಸ್ಥಿತಿ ತಿಳಿಯುವುದಿಲ್ಲ. ಅವನ ನಿದ್ದೆ, ಊಟ, ಗೆಳೆಯರೊಡನೆ ಬೆರೆಯುವ ಬಗೆ ಬದಲಾಗಿದ್ದರೆ ಅದನ್ನು ಗಮನಿಸಿ, ಅಗತ್ಯ ಕಂಡರೆ ವೈದ್ಯರನ್ನು ಕಾಣಿ. ನೀವು ಓದಿದಂಥ ಮಾತನ್ನು ಬ್ರಿಟನ್ನಿನ ದಿನಪತ್ರಿಕೆಯೊಂದು ಬರೆದಾಗ, ಮೈ ಕೆಮಿಕಲ್ ರೊಮಾನ್ಸ್ ತಂಡದ ಅಭಿಮಾನಿಗಳು 2008ರ ಮೇ ತಿಂಗಳಲ್ಲಿ ಲಂಡನ್ನಿನ ಅದರ ಕಚೇರಿಯ ಮುಂದೆ ಸೇರಿ ಪ್ರತಿಭಟಿಸಿದ್ದರು. ಅದಕ್ಕೂ ಹಿಂದಿನ ವರ್ಷ ಲ್ಯಾಂಕಶೈರಿನ ಪಾರ್ಕೊಂದರಲ್ಲಿ ಗಾತ್ ಎಂಬ, ಕಪ್ಪೇ ಪ್ರಧಾನವಾದ ಶೈಲಿಯ ಉಡುಪು ತೊಟ್ಟಿದ್ದರೆಂಬ ಕಾರಣಕ್ಕೆ 20 ವರ್ಷದ ಯುವತಿಯೊಬ್ಬರ ಮೇಲೆ ಮಾರಣಾಂತಿಕ ಹಲ್ಲೆ ನಡೆದಿತ್ತು. ಉಡುಪಿನ ಕಾರಣಕ್ಕೆ ಇಂಥವರ ಮೇಲೆ ನಡೆಯುವ ದಾಳಿಗಳನ್ನು ದ್ವೇಷಾಪರಾಧವೆಂದು ದಾಖಲಿಸಲು ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು 2013ರಲ್ಲಿ ಆರಂಭಿಸಿದರು. ಹಾಗಾಗಿ ನಿಮ್ಮ ಮಗನಿಗೆ ಬೇಕಾಗಿರುವುದು ಮೊದಲು ಮನೆಯವರ ಬೆಂಬಲ. ಅವನಿಗೆ ಇಷ್ಟವಾದ ಒಂದು ಹಾಡನ್ನು ಜೊತೆಗೆ ಕುಳಿತು ಕೇಳಿ.

ಪ್ರಶ್ನೆ: ನಮ್ಮ ಕಾಲೇಜಿನ ಪತ್ರಿಕೆಗೆ ಬೆಂಗಳೂರಿನ ಇಂಡೀ ಅಭಿಮಾನಿಗಳ ಚಿತ್ರಸಂಚಿಕೆ ಮಾಡಬೇಕೆಂದಿದ್ದೇವೆ. ಹೇಗೆ ಮಾಡಬೇಕು?
— ವಿದ್ಯಾರ್ಥಿ, ಜಯನಗರ

ಉತ್ತರ: 1980ರಲ್ಲಿ ಟೆರ್ರಿ ಜೋನ್ಸ್ ಲಂಡನ್ನಿನಲ್ಲಿ ಐ-ಡಿ ಪತ್ರಿಕೆಯನ್ನು ಆರಂಭಿಸಿದಾಗ ಬೀದಿಯಲ್ಲಿ ಸಿಕ್ಕವರನ್ನು ಗೋಡೆಯ ಮುಂದೆ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ನೇರವಾಗಿ ಚಿತ್ರ ತೆಗೆದು, ಉಟ್ಟ ಬಟ್ಟೆ ಎಲ್ಲಿಯದೆಂದು ಅವರ ಬಾಯಿಂದಲೇ ಹೇಳಿಸುವ ಪದ್ಧತಿ ಇತ್ತು. ಅದನ್ನೇ ಅನುಸರಿಸಿ, ಆದರೆ ಕಾರ್ಯಕ್ರಮದ ಗೇಟಿನ ಹೊರಗೆ ನಿಂತು ಬರುವವರನ್ನೆಲ್ಲ ಸರದಿಯಂತೆ ಕೇಳಿ. ನಿಮ್ಮ ಕಣ್ಣಿಗೆ ಚೆಂದ ಕಂಡವರನ್ನಷ್ಟೇ ಆರಿಸಬೇಡಿ. ಒಪ್ಪದವರನ್ನು ಒತ್ತಾಯಿಸಬೇಡಿ. ಅಮೆರಿಕದ ರಯಟ್ ಗರ್ಲ್ ಎಂಬ ಸ್ತ್ರೀವಾದಿ ಪಂಕ್ ಸಂಗೀತ ಗುಂಪಿನ ಯುವತಿಯರು 1990ರ ದಶಕದ ಆರಂಭದಲ್ಲಿ ತಮ್ಮ ಮಾತನ್ನು ಬಿಟ್ಟು ಉಡುಪನ್ನೂ ಮೈಯನ್ನೂ ಬಣ್ಣಿಸುತ್ತಿದ್ದ ಪತ್ರಕರ್ತರೊಡನೆ ಮಾತನ್ನೇ ನಿಲ್ಲಿಸಿ, ತಮ್ಮ ಕೈಬರಹದ ಕಿರುಪತ್ರಿಕೆಗಳನ್ನು ಝೆರಾಕ್ಸ್ ಮಾಡಿ ಹಂಚುತ್ತಿದ್ದರು. ಹಾಗೆ ನಿರಾಕರಿಸುವ ಹಕ್ಕು ನಿಮ್ಮ ಕ್ಯಾಮೆರಾದ ಮುಂದೆ ಬರುವವರಿಗೂ ಇದೆ. ಪ್ರತಿ ಚಿತ್ರದ ಕೆಳಗೆ ಆ ವಾರ ಅವರು ಯಾವ ಹಾಡನ್ನು ಮತ್ತೆ ಮತ್ತೆ ಕೇಳಿದರು, ಏಕೆ ಕೇಳಿದರು ಎಂಬುದನ್ನು ಅವರ ಮಾತಿನಲ್ಲೇ ಹಾಕಿ, ಬಟ್ಟೆಯ ವಿವರ ಅದರ ನಂತರ ಬರಲಿ.