ಹನ್ನೊಂದು ವರ್ಷವನ್ನು ಒಂದೇ ಸಾಲಿನಲ್ಲಿ ದಾಟಬೇಡಿ

ಆತ್ಮೀಯರೇ,

ಅಮೆರಿಕದ ಐಡಹೊ ರಾಜ್ಯದ ಮೈಕ್ ಸಿಂಪ್ಸನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ದಂತವೈದ್ಯರಾಗಿದ್ದವರು 1999ರಿಂದ ಸಂಸದರಾಗಿರುವ ಕಥೆ. ಇಸವಿಗಳು ಸರಿಯಾಗಿವೆ, ಭಾಷೆ ತಿಳಿಯಾಗಿದೆ. ಆದರೆ ಎರಡು ಸಾಲು ನನಗೆ ಸಿಟ್ಟು ತರಿಸಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

"ಹಲ್ಲು ಕೀಳುವ ಕೆಲಸ ಬಿಟ್ಟು ರಾಜಕೀಯಕ್ಕೆ ಧುಮುಕಿದವರು ಮತ್ತೆ ಹಿಂತಿರುಗಿ ನೋಡಲಿಲ್ಲ." ಎಲ್ಲಿ ಬಿಟ್ಟರು? 1977ರಲ್ಲಿ ಡಿಗ್ರಿ ಮುಗಿಸಿ ಬ್ಲ್ಯಾಕ್‌ಫುಟ್‌ನಲ್ಲಿ ಕುಟುಂಬದ ಕ್ಲಿನಿಕ್ ಸೇರಿದರು. 1980ರಲ್ಲಿ ಅಲ್ಲಿನ ನಗರಸಭೆಗೆ, 1984ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದರು. ಆಮೇಲೆ ಅಲ್ಲೇ ಸ್ಪೀಕರ್ ಆದರು. 1998ರಲ್ಲಿ ಸಂಸತ್ತಿಗೆ ಆಯ್ಕೆಯಾಗುವವರೆಗೂ ಕ್ಲಿನಿಕ್ ಇದ್ದೇ ಇತ್ತು. ಚಿಕ್ಕ ಊರು. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರೇ ಮತದಾರರೂ ಆಗಿದ್ದರು. ಈ ಎರಡು ದಶಕ ನಿಮ್ಮ ಲೇಖನದಲ್ಲಿ ಎಲ್ಲಿ ಹೋಯಿತು?

ಇನ್ನೊಂದು ಸಾಲು ಇನ್ನೂ ಜಾಸ್ತಿ ಕಾಡಿತು. "ಛಲ ಬಿಡದ ತ್ರಿವಿಕ್ರಮನಂತೆ ಹೋರಾಡಿ 2015ರಲ್ಲಿ ಬೋಲ್ಡರ್-ವೈಟ್ ಕ್ಲೌಡ್ಸ್ ಬೆಟ್ಟಗಳನ್ನು ಉಳಿಸಿದರು." ಹೇಗೆ ಉಳಿಸಿದರು? ಐಡಹೊದ ಈ ಬೆಟ್ಟಗಳನ್ನು ಸಂರಕ್ಷಿತ ಕಾಡು ಮಾಡುವ ಸಿಂಪ್ಸನ್ ಅವರ ಮೊದಲ ಮಸೂದೆ ಬಂದಿದ್ದು 2004ರಲ್ಲಿ. ದನ ಸಾಕುವವರಿಗೆ ಹುಲ್ಲುಗಾವಲು ಬೇಕಿತ್ತು. ಹಿಮದ ಮೇಲೆ ಸ್ನೋಮೊಬೈಲ್ ಓಡಿಸುವವರಿಗೆ ತಮ್ಮ ದಾರಿ ಮುಚ್ಚಬಾರದಿತ್ತು. ಪರಿಸರದವರಲ್ಲೇ ಕೆಲವರಿಗೆ, ಸಿಂಪ್ಸನ್ ಜಾಸ್ತಿ ಬಿಟ್ಟುಕೊಟ್ಟರು ಅಂತ ಕೋಪ. ಮಸೂದೆ ಮತ್ತೆ ಮತ್ತೆ ಬಿದ್ದುಹೋಯಿತು. 2010ರಲ್ಲಿ ಅವರದೇ ಪಕ್ಷದ ಸೆನೆಟರ್ ಜಿಮ್ ರಿಶ್ ಬೆಂಬಲ ವಾಪಸ್ ತೆಗೆದುಕೊಂಡರು. 2015ರಲ್ಲಿ ಅದೇ ರಿಶ್ ಸೆನೆಟ್‌ನಲ್ಲಿ ಮಸೂದೆ ಮಂಡಿಸಿದರು! ಆ ಹೊತ್ತಿಗೆ ಅಧ್ಯಕ್ಷ ಒಬಾಮಾ ಸಂಸತ್ತನ್ನು ಕೇಳದೇ ಆ ಜಾಗವನ್ನು ರಾಷ್ಟ್ರೀಯ ಸ್ಮಾರಕ (ಅಂದರೆ ಅಲ್ಲಿ ಕಟ್ಟಡವಲ್ಲ, ಸಂರಕ್ಷಿತ ಪ್ರದೇಶ) ಅಂತ ಘೋಷಿಸಬಹುದು ಅನ್ನುವ ಭಯ ಹುಟ್ಟಿತ್ತು. ಅದಕ್ಕಿಂತ ಸಿಂಪ್ಸನ್ ಮಸೂದೆಯೇ ವಾಸಿ ಅಂತ ವಿರೋಧಿಗಳಲ್ಲಿ ಹಲವರಿಗೆ ಅನಿಸಿತು. ಆಗಸ್ಟ್ 7ರಂದು ಸಹಿ ಬಿತ್ತು. ಸುಮಾರು 2,75,000 ಎಕರೆ ಕಾಡು ಉಳಿಯಿತು. ಛಲ ಇತ್ತು, ನಿಜ. ಬರೀ ಛಲದಿಂದ ಮಸೂದೆ ಪಾಸಾಗುತ್ತದಾ?

ನಾನು ಕೆಲಸ ಕಲಿತಿದ್ದು ಒಂದು ಜಿಲ್ಲಾ ಪತ್ರಿಕೆಯಲ್ಲಿ. ನಮ್ಮ ಸಂಪಾದಕರು ಜಿಲ್ಲಾ ಪರಿಷತ್ ಸಭೆಗೆ ಕಳಿಸುವಾಗ ಒಂದೇ ಮಾತು ಹೇಳುತ್ತಿದ್ದರು: "ಯಾರು ಏನು ಕೇಳಿದ್ರು, ಯಾರು ಏನು ಬಿಟ್ಟುಕೊಟ್ರು, ಅಷ್ಟು ಬರ್ಕೊಂಡು ಬಾ." ಊಟದ ಹೊತ್ತಿಗೆ ಉಳಿದ ವರದಿಗಾರರು ಎದ್ದು ಹೋಗುತ್ತಿದ್ದರು. ನಾನು ಕೂತೇ ಇರಬೇಕಿತ್ತು. ಅಸಲಿ ಮಾತುಕತೆ ಶುರುವಾಗುತ್ತಿದ್ದುದೇ ಆಗ. ಒಂದು ಕೊಳವೆಬಾವಿಗೆ ಒಂದು ರಸ್ತೆ, ಒಂದು ಶಾಲೆಗೆ ಒಂದು ಸೇತುವೆ ಅಂತ ಸದಸ್ಯರು ಚೌಕಾಸಿ ಮಾಡುತ್ತಿದ್ದರು. ಜನಪ್ರತಿನಿಧಿಯ ದಿನ ಕಳೆಯುವುದೇ ಹೀಗೆ ಅಂತ ನನಗೆ ತಿಳಿದಿದ್ದು ಅಲ್ಲೇ.

ಬಾಲ್ಯ, ಪ್ರಶಸ್ತಿ, ಪದವಿಗಳ ಭಾಗ ಪೂರ್ತಿ ತೆಗೆಯಿರಿ. 2004ರಿಂದ 2015ರವರೆಗಿನದನ್ನು ಮಾತ್ರ ಬರೆಯಿರಿ. ರಿಶ್ ಹಿಂದೆ ಸರಿದಿದ್ದು ಯಾಕೆ, ತಿರುಗಿ ಬಂದಿದ್ದು ಹೇಗೆ ಅನ್ನುವುದಕ್ಕೆ ಎರಡು ಪುಟ ಬೇಕಾದರೂ ತೆಗೆದುಕೊಳ್ಳಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.