ವಿಶ್ವಸಂಸ್ಥೆಯಲ್ಲಿ ಎನ್‌ಜಿಓಗಳ ಮಾತು ನಿಜಕ್ಕೂ ನಡೆಯುತ್ತದೆಯೇ?

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ವಿಶ್ವಸಂಸ್ಥೆಯ ಸಭೆಗಳಲ್ಲಿ ಕೂರುವ ಎನ್‌ಜಿಓಗಳ (ಸರ್ಕಾರೇತರ ಸಂಸ್ಥೆಗಳ) ಮಾತಿಗೆ ಬೆಲೆ ಇದೆಯೇ ಎಂಬುದು ಒಂದು. ಯಾರೂ ಆರಿಸಿ ಕಳಿಸದ ಇವರು ಜನರ ಹೆಸರಲ್ಲಿ ಮಾತಾಡುವುದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಅವರಿಗೆ ಮತವಿಲ್ಲ, ವೀಟೋ ಇಲ್ಲ, ಆದರೂ ಒಂದು ಸರ್ಕಾರ ಜೊತೆಗೆ ನಿಂತರೆ ಅವರ ಮಾತು ನಡೆಯುತ್ತದೆ.

ಮೊದಲು ಒಳಗೆ ಹೋಗುವುದು ಹೇಗೆ ಎಂದು ನೋಡಿ. ಅಲ್ಲಿ ನಡೆಯುವುದು ಸುದ್ದಿಯಾಗುವುದು ಅಪರೂಪ. ವಿಶ್ವಸಂಸ್ಥೆಯ ಸನ್ನದಿನ 71ನೇ ವಿಧಿಯಂತೆ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಎನ್‌ಜಿಓಗಳಿಗೆ ಸಮಾಲೋಚಕ ಸ್ಥಾನ ಕೊಡುತ್ತದೆ. ಅದು ಸಿಕ್ಕರೆ ಲಿಖಿತ ಹೇಳಿಕೆ ಕೊಡಬಹುದು, ಮಾನವ ಹಕ್ಕುಗಳ ಮಂಡಳಿಯಲ್ಲಿ ಒಂದೆರಡು ನಿಮಿಷ ಮಾತಾಡಬಹುದು. 6,000ಕ್ಕೂ ಹೆಚ್ಚು ಸಂಸ್ಥೆಗಳಿಗೆ ಸಿಕ್ಕಿದೆ. ಆದರೆ ಯಾರಿಗೆ ಕೊಡಬೇಕೆಂದು ಶಿಫಾರಸು ಮಾಡುವುದು 19 ದೇಶಗಳ ಒಂದು ಸಮಿತಿ. ಸರ್ಕಾರಗಳನ್ನು ಪ್ರಶ್ನಿಸಲು ಬರುವವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಸರ್ಕಾರಗಳೇ!

ಬೇಡದ ಅರ್ಜಿಯನ್ನು ತಿರಸ್ಕರಿಸುವ ಗೋಜಿಗೂ ಅಲ್ಲಿ ಸಾಮಾನ್ಯವಾಗಿ ಹೋಗುವುದಿಲ್ಲ. ಸದಸ್ಯ ದೇಶವೊಂದು ಪ್ರಶ್ನೆ ಕೇಳಿದರೆ ಸಾಕು, ಅರ್ಜಿ ಮುಂದಿನ ಅಧಿವೇಶನಕ್ಕೆ ಹೋಗುತ್ತದೆ. ಅಲ್ಲಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ಅಂತರರಾಷ್ಟ್ರೀಯ ದಲಿತ ಐಕ್ಯತಾ ಜಾಲದ ಅರ್ಜಿ 2008ರಿಂದಲೂ ಬಾಕಿ ಇತ್ತು. ಭಾರತ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಲೇ ಹೋಯಿತು. ಸ್ಥಾನ ಸಿಕ್ಕಿದ್ದು 2022ರ ಡಿಸೆಂಬರ್‌ನಲ್ಲಿ, ಅದೂ ವಿಷಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಮತಕ್ಕೆ ಬಿದ್ದ ಮೇಲೆ. ಪತ್ರಕರ್ತರ ರಕ್ಷಣಾ ಸಮಿತಿ ಎಂಬ ಎನ್‌ಜಿಓಗೆ 2016ರ ಮೇ ತಿಂಗಳಲ್ಲಿ ನೇರವಾಗಿಯೇ ಬಾಗಿಲು ಮುಚ್ಚಿದರು. ಜುಲೈನಲ್ಲಿ ಮಂಡಳಿ ಅದನ್ನು ತೆರೆಸಬೇಕಾಯಿತು. ಸರ್ಕಾರಗಳೇ ಸಾಕಿ ಕಳಿಸುವ ‘ಎನ್‌ಜಿಓ’ಗಳಿಗೆ ಇಂಥ ಕಿರಿಕಿರಿ ಕಡಿಮೆ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಹಾಗಾಗಿ ಗೆದ್ದವರು ಬೇರೆ ದಾರಿ ಹಿಡಿದಿದ್ದಾರೆ. ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಎಲ್ಲರೂ ಒಪ್ಪದೆ ಹುಲ್ಲುಕಡ್ಡಿಯೂ ಅಲುಗದು. ನೆಲಬಾಂಬ್ ನಿಷೇಧ ಅಲ್ಲಿ ಆಗುವ ಮಾತಲ್ಲ ಎಂದು ಗೊತ್ತಾದಾಗ ಕೆನಡಾದ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ 1996ರಲ್ಲಿ, ಒಪ್ಪುವವರಷ್ಟೇ ಬನ್ನಿ, ಮುಂದಿನ ವರ್ಷವೇ ಸಹಿ ಹಾಕೋಣ ಎಂದು ಕರೆ ಕೊಟ್ಟರು. ಜೋಡಿ ವಿಲಿಯಮ್ಸ್ ಮುನ್ನಡೆಸುತ್ತಿದ್ದ ನೆಲಬಾಂಬ್ ನಿಷೇಧ ಆಂದೋಲನ ಜೊತೆಗಿತ್ತು. 1997ರ ಡಿಸೆಂಬರ್‌ನಲ್ಲಿ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ಅದೇ ವರ್ಷ ವಿಲಿಯಮ್ಸ್‌ಗೂ ಆಂದೋಲನಕ್ಕೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಮೆರಿಕ, ರಷ್ಯಾ, ಚೀನಾ, ಭಾರತ ಇವತ್ತಿಗೂ ಹೊರಗಿವೆ. 2025ರಲ್ಲಿ ರಷ್ಯಾದ ಭಯಕ್ಕೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಫಿನ್‌ಲ್ಯಾಂಡ್, ಪೋಲೆಂಡ್ ಒಪ್ಪಂದದಿಂದ ಹೊರಬರಲು ತೀರ್ಮಾನಿಸಿದವು. ಸಹಿ ಹಾಕಿಸುವ ಶಕ್ತಿ ಆಂದೋಲನಕ್ಕಿತ್ತು. ಗಡಿಯಲ್ಲಿ ಯುದ್ಧದ ಭಯ ಹುಟ್ಟಿದಾಗ ತಡೆದು ನಿಲ್ಲಿಸುವ ಶಕ್ತಿ ಇರಲಿಲ್ಲ.

ಈಚಿನದರಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ಕೆಲಸ. ಹವಾಮಾನ ಬದಲಾವಣೆಯ ಬಗ್ಗೆ ದೇಶಗಳ ಕಾನೂನು ಹೊಣೆ ಏನು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಎಂದು ಅವರು 2019ರಲ್ಲಿ ಹೊರಟರು. ಹಾಗೆ ಕೇಳುವ ಅಧಿಕಾರ ವಿದ್ಯಾರ್ಥಿಗಳಿಗಿಲ್ಲ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಗಿದೆ. ವನುವಾಟು ಎಂಬ ಪುಟ್ಟ ದೇಶ ಅದನ್ನು ಹೊತ್ತು ತಿರುಗಿತು. 2023ರ ಮಾರ್ಚ್‌ನಲ್ಲಿ ಸಾಮಾನ್ಯ ಸಭೆ ಯಾರ ವಿರೋಧವೂ ಇಲ್ಲದೆ ನಿರ್ಣಯ ಅಂಗೀಕರಿಸಿತು. 2025ರ ಜುಲೈ 23ರಂದು ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ, ಅದನ್ನು ಮುರಿದರೆ ಪರಿಹಾರ ಕೊಡಬೇಕಾಗಬಹುದು ಎಂದು ಒಮ್ಮತದಿಂದ ಹೇಳಿತು. ಅದು ಸಲಹಾ ಅಭಿಪ್ರಾಯ, ಬಂಧನಕಾರಿಯಲ್ಲ, ನಿಜ. ಆದರೆ ಇನ್ನು ಊರೂರಿನ ಕೋರ್ಟುಗಳಲ್ಲಿ ವಕೀಲರು ಅದನ್ನು ಎತ್ತಿ ಹಿಡಿದು ವಾದಿಸಬಹುದು.

ಇನ್ನು ಇವರನ್ನು ಆರಿಸಿದವರು ಯಾರು ಎಂಬುದು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಸರಿಯಾಗಿ ಚುನಾವಣೆಯನ್ನೇ ನಡೆಸದ ಸರ್ಕಾರಗಳ ರಾಯಭಾರಿಗಳು ಅದನ್ನು ಕೇಳಿದಾಗ ನಗು ಬರುತ್ತದೆ. ವಿಶ್ವಸಂಸ್ಥೆಯಲ್ಲಿ ಮತ ಚಲಾಯಿಸದವರು ಜನರು ಆರಿಸಿದ ಪ್ರತಿನಿಧಿಗಳೇ ಆಗಿರಬೇಕೆಂದಿಲ್ಲ. ನಾನು ನೋಡುವುದು, ದುಡ್ಡು ಎಲ್ಲಿಂದ ಬಂತೆಂದು ಬಹಿರಂಗವಾಗಿ ಹೇಳುತ್ತಾರೆಯೇ, ಯಾರ ಪರ ಮಾತಾಡುತ್ತಾರೋ ಆ ಜನ ಸಂಸ್ಥೆಯ ತೀರ್ಮಾನಗಳಲ್ಲಿ ಇದ್ದಾರೆಯೇ ಎಂಬುದನ್ನು. ಈ ಎರಡರಲ್ಲೂ ದೊಡ್ಡ ಸಂಸ್ಥೆಗಳು ಹಲವು ಬಾರಿ ಸೋಲುತ್ತವೆ. ಅವುಗಳ ಕಚೇರಿ, ಹಣ ಹೆಚ್ಚಾಗಿ ಶ್ರೀಮಂತ ದೇಶಗಳದ್ದು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವು ಸಂಸ್ಥೆಯನ್ನೇ ಮುಚ್ಚಿತು. ಇದರ ಏಟು ಮೊದಲು ಬೀಳುವುದು ಬಡ ದೇಶಗಳ ಸಣ್ಣ ಸಂಘಟನೆಗಳಿಗೆ, ಕೋಟ್ಯಧಿಪತಿಗಳ ಪ್ರತಿಷ್ಠಾನಗಳಿಗಲ್ಲ. ತಮ್ಮ ಸರ್ಕಾರಗಳೇ ಸಾಕುವ ‘ಎನ್‌ಜಿಓ’ಗಳಿಗಂತೂ ಅಲ್ಲವೇ ಅಲ್ಲ.